ಹಸಿರು ಬಟ್ಟೆಯ ಹಿಂದಿನ ಗುಡಾರಗಳು: ಗಣ್ಯರು ಬಂದಾಗ ಬಡವರನ್ನು ಮರೆಮಾಚುವುದು ಸರಿಯೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದೇನೆ. ನಮ್ಮ ಚಿಕ್ಕಮ್ಮ ಬೇರೊಂದು ಊರಿನಲ್ಲಿ ತಳ್ಳುಗಾಡಿಯಲ್ಲಿ ಮಿರ್ಚಿ–ಮಂಡಕ್ಕಿ ಮಾರುತ್ತಾರೆ. ಈಚೆಗೆ ಆ ಊರಿಗೆ ಗಣ್ಯರೊಬ್ಬರು ಬರುವವರಿದ್ದಾಗ ರಸ್ತೆ ಬದಿಯ ಗಾಡಿಗಳನ್ನು ಮೂರು ದಿನ ತೆಗೆಸಿದರು. ಹೆದ್ದಾರಿ ಪಕ್ಕದ ಗುಡಾರಗಳಿಗೆ ಅಡ್ಡಲಾಗಿ ಉದ್ದಕ್ಕೂ ಹಸಿರು ಬಟ್ಟೆ ಕಟ್ಟಿದರು. ಇದನ್ನು ಹೇಳಿದಾಗ ನಮ್ಮ ತಂದೆ, “ನೆಂಟರು ಬಂದಾಗ ನಾವು ಮನೆ ಒಪ್ಪ ಮಾಡುವುದಿಲ್ಲವೇ, ಇದೂ ಹಾಗೆಯೇ” ಎಂದರು. ಸರ್ಕಾರಗಳು ಬಡವರಿಗೆ ನೆರವಾಗುವ ಬದಲು ಅವರನ್ನು ಮುಚ್ಚಿಡುವುದೇಕೆ? ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ? ಚಿಕ್ಕಮ್ಮ ಈಗ ಏನು ಮಾಡಬಹುದು?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಆರಂಭಿಸುತ್ತೇನೆ. ಊರಿನ ಬಹುಪಾಲು ಜನ ಯೋಚಿಸುವುದು ಹಾಗೆಯೇ, ಮತ್ತು ಆ ಮಾತಿನಲ್ಲಿ ಸತ್ಯವೂ ಇದೆ. ನೆಂಟರು ಬರುತ್ತಾರೆಂದರೆ ನಾವು ಅಂಗಳ ಸಾರಿಸುತ್ತೇವೆ, ರಂಗೋಲಿ ಹಾಕುತ್ತೇವೆ, ಅಟ್ಟದ ಮೇಲಿನ ಒಳ್ಳೆಯ ಲೋಟಗಳನ್ನು ಇಳಿಸುತ್ತೇವೆ. ಗಣ್ಯರ ಭೇಟಿಯ ನೆಪದಲ್ಲಿ ರಸ್ತೆಯ ಗುಂಡಿ ಮುಚ್ಚಿಸಿದರೆ, ಚರಂಡಿಯ ಹೂಳು ತೆಗೆಸಿದರೆ, ಕೆಟ್ಟುಹೋದ ಬೀದಿದೀಪ ಸರಿಪಡಿಸಿದರೆ ಅದು ಈ ಸಾಲಿಗೆ ಸೇರುತ್ತದೆ. ಬಂದವರು ಹೋದ ಮೇಲೂ ಅದು ಊರಿನವರಿಗೇ ಉಳಿಯುತ್ತದೆ. ಆದರೆ ಅಜ್ಜಿಯ ಸೀರೆ ಹರಿದಿದೆ ಎಂದು ನೆಂಟರಿರುವಷ್ಟು ಹೊತ್ತು ಆಕೆಯನ್ನು ಹಿತ್ತಲ ಕೊಟ್ಟಿಗೆಯಲ್ಲಿ ಕೂರಿಸಿ ಬಾಗಿಲು ಹಾಕಿದರೆ ನಮ್ಮ ಕಡೆ ಯಾರೂ ಅದನ್ನು ಮನೆ ಒಪ್ಪ ಮಾಡುವುದು ಎನ್ನುವುದಿಲ್ಲ. ಅನುಕೂಲವಿದ್ದವರು ಆಕೆಗೊಂದು ಸೀರೆ ತರುತ್ತಾರೆ. ಇಲ್ಲದವರು ಹರಿದ ಸೀರೆಯಲ್ಲೇ ಜಗುಲಿಯ ಮೇಲೆ ಕೂರಿಸಿ, “ನಮ್ಮಜ್ಜಿ” ಎಂದು ಪರಿಚಯಿಸುತ್ತಾರೆ. ನಿಮ್ಮ ಚಿಕ್ಕಮ್ಮನ ಊರಿನಲ್ಲಿ ಕಟ್ಟಿದ ಹಸಿರು ಬಟ್ಟೆ ಆ ಕೊಟ್ಟಿಗೆಯ ಬಾಗಿಲು.

ನಗರಾಡಳಿತ ಸೇವೆಯಲ್ಲಿ ಬಡತನ ನಿವಾರಣೆಯ ಶಾಖೆಯಲ್ಲಿ ಬಹುಕಾಲ ಕೆಲಸ ಮಾಡಿದವನು ನಾನು. ಆ ಬಾಗಿಲನ್ನು ಹಾಕಲು ನನ್ನ ಕೈಯೂ ನೆರವಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹಲವು ವರ್ಷಗಳ ಹಿಂದೆ, ನಾನಿದ್ದ ಊರಿಗೆ ದೊಡ್ಡ ಹುದ್ದೆಯವರೊಬ್ಬರು ಬರುವುದು ಖಚಿತವಾದಾಗ, ಹೆಲಿಪ್ಯಾಡಿನಿಂದ ಪ್ರವಾಸಿ ಮಂದಿರದವರೆಗಿನ ದಾರಿಯಲ್ಲಿ ಎಷ್ಟು ಗುಡಾರಗಳಿವೆ, ಎಷ್ಟು ಗಾಡಿಗಳಿವೆ, ಎಲ್ಲೆಲ್ಲಿ ಭಿಕ್ಷುಕರು ಕೂರುತ್ತಾರೆ ಎಂಬ ಪಟ್ಟಿಯನ್ನು ಒಂದೇ ದಿನದಲ್ಲಿ ಸಿದ್ಧಪಡಿಸುವಂತೆ ನನಗೆ ಮೌಖಿಕ ಸೂಚನೆ ಬಂತು. ಬೆಳಿಗ್ಗೆ ಆರಕ್ಕೆ ಹೊರಟವನು ಸಂಜೆಯೊಳಗೆ ಪಟ್ಟಿ ಮುಗಿಸಿದ್ದೆ. ಮಾರನೆಯ ದಿನ ಸರ್ವೆ ಮರದ ಕಂಬ ನೆಟ್ಟು, ನರ್ಸರಿಗಳಲ್ಲಿ ನೆರಳಿಗೆ ಬಳಸುವ ಹಸಿರು ಬಲೆಯನ್ನು ಕಟ್ಟಲಾಯಿತು. ಅಲ್ಲಿದ್ದ ಅಲೆಮಾರಿ ಕುಟುಂಬಗಳ ಹೆಣ್ಣುಮಗಳೊಬ್ಬಳು ನನ್ನನ್ನು ಕೇಳಿದ್ದು ಒಂದೇ ಮಾತು: “ಸ್ವಾಮಿ, ಹೆಸರು ಬರ್ಕಂಡ್ರಲ್ಲ, ಜಾಗ ಕೊಡ್ತೀರಾ?” ಅದೇ ಕುಟುಂಬಗಳ ಸಮೀಕ್ಷೆ ನಡೆಸಿ ನಿವೇಶನದ ಪ್ರಸ್ತಾವ ಕಳುಹಿಸಬೇಕೆಂಬ ಕಡತ ಅದಕ್ಕೂ ಹಿಂದಿನ ಎರಡು ವರ್ಷ ನನ್ನ ಮೇಜಿನ ಮೇಲೆಯೇ ಇತ್ತು. ಸಿಬ್ಬಂದಿ ಇಲ್ಲ, ವಾಹನ ಇಲ್ಲ ಎಂದು ಅದು ಮುಂದಕ್ಕೆ ಹೋಗಿರಲಿಲ್ಲ. ಮುಚ್ಚುವುದಕ್ಕೆ ಒಂದು ದಿನದಲ್ಲಿ ಆದ ಎಣಿಕೆ ನೆರವಿಗಾಗಿ ಎರಡು ವರ್ಷವಾದರೂ ಆಗಿರಲಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದರಲ್ಲೇ ಇದೆ.

ಗಣ್ಯರ ಭೇಟಿಗೆ ಒಂದು ದಿನಾಂಕವಿರುತ್ತದೆ, ಒಂದು ದಾರಿ ಇರುತ್ತದೆ, ದಾರಿಯ ಇಂತಿಷ್ಟು ಭಾಗಕ್ಕೆ ಇಂಥ ಅಧಿಕಾರಿ ಹೊಣೆ ಎಂಬ ಹಂಚಿಕೆ ಇರುತ್ತದೆ, ಮತ್ತು ಹಿಂದಿನ ದಿನ ಮೇಲಧಿಕಾರಿಗಳು ವಾಹನದಲ್ಲಿ ಕುಳಿತು ಅದೇ ದಾರಿಯಲ್ಲಿ ತಾಲೀಮು ಓಡಾಟ ನಡೆಸುತ್ತಾರೆ. ಆ ವಾಹನದ ಕಿಟಕಿಯಿಂದ ಏನು ಕಾಣುತ್ತದೆಯೋ ಅದಕ್ಕೆ ಮಾತ್ರ ಛೀಮಾರಿ ಅಥವಾ ಶಹಬ್ಬಾಸ್‌ಗಿರಿ. ಗುಡಾರದ ಮಕ್ಕಳಿಗೆ ಕುಡಿಯುವ ನೀರು ಬಂತೇ ಎಂಬುದಕ್ಕೆ ಇಂಥ ದಿನಾಂಕವಿಲ್ಲ. ಬಾರದಿದ್ದರೆ ಯಾರೂ ಯಾರಿಂದಲೂ ಕಾರಣ ಕೇಳುವುದಿಲ್ಲ. ಬಟ್ಟೆ ಕಟ್ಟುವುದು ಒಂದು ರಾತ್ರಿಯ ಕೆಲಸ, ಒಬ್ಬ ಗುತ್ತಿಗೆದಾರನ ಬಿಲ್. ಮನೆ ಕೊಡುವುದಕ್ಕೆ ಕಂದಾಯ ಇಲಾಖೆ, ಕೊಳಗೇರಿ ಅಭಿವೃದ್ಧಿ ಮಂಡಳಿ, ಪಾಲಿಕೆ, ಬ್ಯಾಂಕು ಇಷ್ಟೂ ಒಂದೇ ಕಡತದ ಮೇಲೆ ಸಹಿ ಹಾಕಬೇಕು. ಬಂಡವಾಳ ಹೂಡುವವರ ಎದುರು ಊರಿನ ಹೆಸರು ಕೆಡಬಾರದು ಎಂಬ ವಾದ, ನಗರ ಚೆನ್ನಾಗಿ ಕಾಣಲಿ ಎಂಬ ಮಧ್ಯಮ ವರ್ಗದವರ ಆಸೆ ಇವೂ ಕಾರಣಗಳೇ, ಆದರೆ ನಾನು ಕಂಡಂತೆ ಅವು ಭಾಷಣದ ಕಾರಣಗಳು. ನೆಲದ ಮೇಲೆ ಕೆಲಸ ಮಾಡುವುದು ಆ ಕಿಟಕಿಯ ಭಯ.

ಇದು ಒಂದು ಊರಿನ, ಒಂದು ಪಕ್ಷದ ಅಥವಾ ಒಂದು ದೇಶದ ರೋಗವಲ್ಲ. 2020ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಹಮದಾಬಾದಿಗೆ ಬರುವ ಮುನ್ನ, ವಿಮಾನ ನಿಲ್ದಾಣದಿಂದ ಮೊಟೆರಾ ಕ್ರೀಡಾಂಗಣದ ಕಡೆಗೆ ಹೋಗುವ ದಾರಿಯಲ್ಲಿದ್ದ ಸರಾಣಿಯಾವಾಸ್ ಎಂಬ ಕೇರಿಯ ಮುಂದೆ ಇಟ್ಟಿಗೆಯ ಗೋಡೆಯನ್ನೇ ಎಬ್ಬಿಸಲಾಯಿತು. ಸರಾಣಿಯಾ ಎಂದರೆ ಚಾಕು ಚೂರಿಗಳಿಗೆ ಸಾಣೆ ಹಿಡಿದು ಬದುಕುತ್ತಿದ್ದ ಅಲೆಮಾರಿ ಸಮುದಾಯ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯ ಸುಡುಗಾಡು ಸಿದ್ಧರು, ಹಂದಿಜೋಗಿಗಳು, ಸಿಳ್ಳೇಕ್ಯಾತರ ಸ್ಥಿತಿ ಬಲ್ಲವರಿಗೆ ಆ ಕೇರಿಯ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ಗೋಡೆಯ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಗೋಡೆ ಕಟ್ಟದಿದ್ದರೆ ಆ ಕೇರಿಯ ಹೆಸರನ್ನು ಹೊರಗಿನವರು ಕೇಳುತ್ತಲೇ ಇರಲಿಲ್ಲ ಎಂಬುದನ್ನು ಆಡಳಿತ ನಡೆಸುವವರು ಗಮನಿಸಬೇಕು. 2023ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಜಿ–20 ಶೃಂಗಸಭೆ ನಡೆದಾಗ ವಸಂತ ವಿಹಾರದ ಬಳಿಯ ಕೂಲಿ ಕ್ಯಾಂಪ್ ಎಂಬ ಕೊಳೆಗೇರಿಗೆ ಹಸಿರು ಪರದೆ ಬಿತ್ತು; ಅದಕ್ಕೂ ಮೊದಲು ಜಿ–20ರ ಸಭೆಗಳು ನಡೆದ ಮುಂಬೈ, ವಿಶಾಖಪಟ್ಟಣಗಳಲ್ಲೂ ಪರದೆಗಳು ಬಿದ್ದಿದ್ದವು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದೆಹಲಿಯಲ್ಲಿ ಬೇರೆ ಪಕ್ಷದ ಸರ್ಕಾರಗಳಿದ್ದವು. ಆಗಲೂ ಕೊಳೆಗೇರಿಗಳ ಮುಂದೆ ತಟ್ಟಿ, ಫಲಕಗಳನ್ನು ನಿಲ್ಲಿಸಿದ್ದರು.

ಹೊರದೇಶಗಳ ಪೈಕಿ ಫಿಲಿಪ್ಪೀನ್ಸ್ ದೇಶದ ಉದಾಹರಣೆ ನನ್ನನ್ನು ಬಹಳ ಕಾಡಿದೆ. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರು ಕರುಣೆ ಮತ್ತು ಅನುಕಂಪವೆಂಬ ಧ್ಯೇಯದೊಡನೆ ಮನಿಲಾ ನಗರಕ್ಕೆ ಬಂದರು. ಅದೇ ದಿನಗಳಲ್ಲಿ ಆ ನಗರದ ಬೀದಿಗಳಲ್ಲಿ ಮಲಗುತ್ತಿದ್ದ ಸುಮಾರು ನೂರು ಕುಟುಂಬಗಳನ್ನು ಅಲ್ಲಿನ ಸಮಾಜ ಕಲ್ಯಾಣ ಇಲಾಖೆ ಬಸ್ಸು ಹತ್ತಿಸಿ ದೂರದ ಬಟಾಂಗಸ್ ಪ್ರಾಂತ್ಯದ ರೆಸಾರ್ಟ್ ಒಂದಕ್ಕೆ ಕಳುಹಿಸಿತು. ಬಡವರನ್ನು ನೋಡಬೇಕೆಂದೇ ಬಂದ ಅತಿಥಿಯ ಕಣ್ಣಿನಿಂದಲೂ ಬಡವರನ್ನು ದೂರ ಮಾಡಲಾಯಿತು. ಹಾಗಾದರೆ ಮುಚ್ಚುವುದು ಅತಿಥಿಯ ಮುಜುಗರ ತಪ್ಪಿಸಲು ಅಲ್ಲವೇ ಅಲ್ಲ. ಅದು ಆತಿಥೇಯನ ಮುಜುಗರಕ್ಕೆ.

ಬಟ್ಟೆಗಿಂತ ಗಟ್ಟಿಯಾದ ಇನ್ನೊಂದು ಮರೆ ಇದೆ. ಅದು ಕಾಗದದ್ದು. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯ 3ನೇ ಪ್ರಕರಣದಡಿ ಒಂದು ಕೇರಿಯನ್ನು ಕೊಳಚೆ ಪ್ರದೇಶವೆಂದು ಅಧಿಕೃತವಾಗಿ ಘೋಷಿಸಿದರೆ ಮಾತ್ರ ಅಲ್ಲಿನ ಮನೆ, ಚರಂಡಿ, ಹಕ್ಕುಪತ್ರಗಳ ಕೆಲಸಕ್ಕೆ ಮಂಡಳಿಯ ದಾರಿ ಸುಗಮವಾಗುತ್ತದೆ. 2011ರ ಜನಗಣತಿಯ ಪ್ರಕಾರ ದೇಶದ ಕೊಳೆಗೇರಿಗಳಲ್ಲಿ ಸುಮಾರು 6.5 ಕೋಟಿ ಜನರಿದ್ದರು, ನಮ್ಮ ರಾಜ್ಯದಲ್ಲಿ ಸುಮಾರು 33 ಲಕ್ಷ. ಘೋಷಣೆಯಾಗದ ಕೇರಿಯನ್ನು ಗಣತಿಯವರು ತಾವಾಗಿ ಗುರುತಿಸಿ ಕೊಳೆಗೇರಿ ಎಂದು ಬರೆದುಕೊಳ್ಳಬೇಕಾದರೆ ಅಲ್ಲಿ ಕನಿಷ್ಠ 300 ಜನ ಅಥವಾ ಸುಮಾರು 60–70 ಮನೆಗಳು ಒತ್ತಾಗಿ ಇರಬೇಕಿತ್ತು. ಹೆದ್ದಾರಿ ಬದಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಕೆರೆ ಅಂಗಳದಲ್ಲಿ ಇಪ್ಪತ್ತು ಮೂವತ್ತರಂತೆ ಇರುವ ಗುಡಾರಗಳು ಈ ಲೆಕ್ಕಕ್ಕೇ ಬರುವುದಿಲ್ಲ. ವಾಹನದ ಕಿಟಕಿಗೆ ಎಲ್ಲಕ್ಕಿಂತ ಮೊದಲು ಕಾಣುವವೂ ಇವೇ. ಗಣತಿಯಲ್ಲಿ ಕೊಳೆಗೇರಿಯ ಸಾಲಿನಿಂದ ಬಿಟ್ಟುಹೋದವರು ಗಣ್ಯರ ಭೇಟಿಯಲ್ಲಿ ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ ಎಂಬ ಸಂಗತಿಯನ್ನು ನೀವು ಮುಂದೆ ಅಧ್ಯಯನದ ವಿಷಯವಾಗಿ ಎತ್ತಿಕೊಂಡರೆ ನನಗೆ ಸಂತೋಷವಾಗುತ್ತದೆ.

ಈಗ ಕಾನೂನಿಗೆ ಬರೋಣ. ಮೊದಲು ಭದ್ರತೆಯನ್ನೂ ಮರೆಮಾಚುವುದನ್ನೂ ಬೇರೆ ಮಾಡಿ ನೋಡಬೇಕು, ಏಕೆಂದರೆ ಅಧಿಕಾರಿಗಳು ಕೊಡುವ ಮೊದಲ ಉತ್ತರ ಭದ್ರತೆ ಎಂಬುದೇ ಆಗಿರುತ್ತದೆ. ಬೆಂಗಾವಲು ವಾಹನಗಳು ಹಾದುಹೋಗುವ ಕೆಲವು ಗಂಟೆ ರಸ್ತೆಯಲ್ಲಿ ಸಂಚಾರ ನಿಲ್ಲಿಸಲು, ಗಾಡಿಗಳನ್ನು ಹಿಂದಕ್ಕೆ ಸರಿಸಲು ಪೊಲೀಸರಿಗೆ ಅಧಿಕಾರವಿದೆ. ಅದು ಕಾರಿನವನಿಗೂ ತಳ್ಳುಗಾಡಿಯವನಿಗೂ ಒಂದೇ ರೀತಿ ಅನ್ವಯಿಸಬೇಕು. ಆದರೆ ಭದ್ರತೆಗೆ ಬೇಕಾದುದು ಕಣ್ಣಿಗೆ ಅಡ್ಡಿಯಿಲ್ಲದ ಬಯಲು. ಹತ್ತು ಅಡಿ ಆಚೆ ಏನು ನಡೆಯುತ್ತಿದೆ ಎಂದು ಕಾವಲಿನ ಪೊಲೀಸನಿಗೇ ಕಾಣದಂತೆ ಮಾಡುವ ಬಟ್ಟೆಯನ್ನು ಭದ್ರತೆಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಬಡವರ ಮುಂದೆ ಮಾತ್ರ ಪರದೆ ಬಿದ್ದು, ಪಕ್ಕದ ಕಲ್ಯಾಣ ಮಂಟಪದ ಮುಂದೆ ಬೀಳದಿದ್ದರೆ ಉದ್ದೇಶ ಏನೆಂದು ಬೇರೆ ಸಾಕ್ಷಿ ಬೇಡ.

ನಿಮ್ಮ ಚಿಕ್ಕಮ್ಮನ ವಿಷಯದಲ್ಲಿ ಕಾನೂನು ಸಾಕಷ್ಟು ಸ್ಪಷ್ಟವಾಗಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಯ ಕಾಯ್ದೆಯ ಪ್ರಕಾರ, ಊರಿನ ಎಲ್ಲ ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆ ನಂತರ ಬೇರೆಡೆಗೆ ಕಳುಹಿಸಬೇಕಾದರೂ ಮೂವತ್ತು ದಿನಗಳ ನೋಟಿಸ್ ಕೊಡಬೇಕು. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಮಾಡಿ ಪ್ರತಿ ಕೊಡಬೇಕು. ಬೇಗ ಕೆಡುವ ಸರಕನ್ನು ಹಕ್ಕುಕೇಳಿದ ದಿನವೇ, ಕೆಡದ ಸರಕನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಬೀದಿ ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳಲು ಇದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನ ವ್ಯಾಪಾರಿಗಳದ್ದೇ ಆಗಿರಬೇಕು, ಅದರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿಗೆ. “ಇದು ತಾತ್ಕಾಲಿಕ, ತೆರವು ಅಲ್ಲ” ಎಂದು ಅವರು ವಾದಿಸಬಹುದು. ಒಂದು ಬೆಳಗಿನ ಮಟ್ಟಿಗೆ ಆ ವಾದ ನಿಲ್ಲಬಹುದೇನೋ. ಲಿಖಿತ ಆದೇಶವಿಲ್ಲದೆ ಮೂರು ದಿನ ದುಡಿಮೆ ನಿಲ್ಲಿಸಿದ್ದಕ್ಕೆ ಅದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಿಗ್ಗೆ ಒಂಬೈನೂರು ತಂದು ಸಂಜೆ ಸಾವಿರ ಕಟ್ಟುವ ಮೀಟರ್ ಬಡ್ಡಿಯ ಸಾಲದಲ್ಲಿ ಮಂಡಕ್ಕಿ, ಕಡಲೆಹಿಟ್ಟು, ಎಣ್ಣೆ ತರುವವರಿಗೆ ಮೂರು ದಿನವೆಂದರೆ ಏನೆಂದು ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಓದುತ್ತಿರುವ ನಿಮಗೆ ವಿವರಿಸಬೇಕಿಲ್ಲ. ಈ ಬಡ್ಡಿಯಿಂದ ಬಿಡಿಸಲೆಂದೇ ರಾಜ್ಯ ಸರ್ಕಾರ 2018ರಲ್ಲಿ ‘ಬಡವರ ಬಂಧು’ ಯೋಜನೆಯನ್ನೂ, ಕೇಂದ್ರ ಸರ್ಕಾರ 2020ರಲ್ಲಿ ಹತ್ತು ಸಾವಿರ ರೂಪಾಯಿಯ ಮೊದಲ ಸಾಲದ ಸ್ವನಿಧಿ ಯೋಜನೆಯನ್ನೂ ತಂದವು. ಒಂದು ಕೈ ಸಾಲ ಕೊಟ್ಟು ವ್ಯಾಪಾರ ಮಾಡು ಎನ್ನುವಾಗ ಇನ್ನೊಂದು ಕೈ ಗಾಡಿ ಎತ್ತಿಸುವುದನ್ನು ನಾನು ಸೇವೆಯಲ್ಲಿದ್ದಾಗ ಕಂಡು ನೊಂದಿದ್ದೇನೆ.

ಗುಡಾರಗಳವರ ಸ್ಥಿತಿ ಇಷ್ಟು ಭದ್ರವಾಗಿಲ್ಲ, ಮತ್ತು ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. 1985ರ ಜುಲೈ 10ರಂದು ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತು. ಈ ತೀರ್ಪನ್ನು ಉಲ್ಲೇಖಿಸುವವರು ಅದೇ ಪೀಠ ಮುಂಬೈಯ ಪಾದಚಾರಿ ಮಾರ್ಗದ ಗುಡಿಸಲುಗಳ ತೆರವನ್ನು ಪೂರ್ತಿ ತಡೆಯಲಿಲ್ಲ, ಮಳೆಗಾಲ ಮುಗಿಯುವವರೆಗೆ ಮುಂದೂಡಿತು ಎಂಬುದನ್ನು ಮರೆಯುತ್ತಾರೆ. ಕಟ್ಟಡ ಕೆಡವುವ ಮುನ್ನ ಹದಿನೈದು ದಿನಗಳ ನೋಟಿಸ್ ಇರಲೇಬೇಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ ನಿಯಮಗಳಲ್ಲೂ ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಬದಿಗಳಿಗೆ ವಿನಾಯಿತಿ ಇದೆ. ಆದ್ದರಿಂದ ಹೆದ್ದಾರಿ ಪಕ್ಕದವರಿಗೆ ನ್ಯಾಯಾಲಯಕ್ಕಿಂತ ಮೊದಲು ಬೇಕಾದುದು ನೆಲೆಯ ದಾಖಲೆ. ಒಡಿಶಾ ಸರ್ಕಾರ 2017ರಲ್ಲಿ ಕೊಳೆಗೇರಿ ನಿವಾಸಿಗಳಿಗೆ ಭೂಮಿಯ ಹಕ್ಕು ನೀಡುವ ಕಾಯ್ದೆಯನ್ನೇ ಮಾಡಿ, ಡ್ರೋನ್ ಬಳಸಿ ಕೇರಿಗಳ ನಕ್ಷೆ ತೆಗೆದು, ಕುಟುಂಬಗಳಿಗೆ ಹಕ್ಕುಪತ್ರ ಕೊಡಲು ಆರಂಭಿಸಿತು. 2019ರಲ್ಲಿ ಆ ಕೆಲಸಕ್ಕೆ ವಿಶ್ವ ಆವಾಸ ಪ್ರಶಸ್ತಿಯೂ ಬಂತು. ನಮ್ಮಲ್ಲಿ ನಗರ ಪ್ರದೇಶದ ಸರ್ಕಾರಿ ಜಾಗದ ಮನೆಗಳ ಸಕ್ರಮಕ್ಕೆ ಭೂ ಕಂದಾಯ ಕಾಯ್ದೆಯ 94ಸಿಸಿ ಇದೆ, ಆದರೆ ಹಳೆಯ ವಾಸಕ್ಕೆ ಪುರಾವೆ ಕೇಳುತ್ತಾರೆ. ಗುಡಾರದವರ ಬಳಿ ಇಲ್ಲದಿರುವುದು ಅದೇ.

ಭಿಕ್ಷುಕರ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು ಸೇರಿಸುತ್ತೇನೆ. 2017ರ ನವೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಅವರ ಮಗಳು ಇವಾಂಕಾ ಟ್ರಂಪ್ ಹೈದರಾಬಾದಿಗೆ ಬರುವ ಮುನ್ನ ಅಲ್ಲಿನ ಪೊಲೀಸರು ಎರಡು ತಿಂಗಳ ಕಾಲ ಭಿಕ್ಷಾಟನೆ ನಿಷೇಧಿಸಿ, ಸಿಕ್ಕವರನ್ನು ಕಾರಾಗೃಹದ ಆವರಣದಲ್ಲಿದ್ದ ಆಶ್ರಯ ಕೇಂದ್ರಗಳಿಗೆ ಸಾಗಿಸಿದರು. ಮರುವರ್ಷದ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಭಿಕ್ಷೆ ಬೇಡುವುದನ್ನು ಅಪರಾಧವೆನ್ನುವ ಕಲಮುಗಳನ್ನು ದೆಹಲಿಯ ಮಟ್ಟಿಗೆ ರದ್ದುಪಡಿಸಿತು. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ; ನೀವು, ನಾವೆಲ್ಲ ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಕರವೂ ಸೇರಿರುತ್ತದೆ. ಆ ಹಣ ಸಂಗ್ರಹವಾಗುವುದು ನಿರಾಶ್ರಿತರ ಊಟ, ಔಷಧ, ವಸತಿಗೆ, ಗಣ್ಯರ ದಾರಿಯನ್ನು ತೆರವುಗೊಳಿಸುವುದಕ್ಕಲ್ಲ.

ಹಣವಿಲ್ಲ ಎಂಬ ಮಾತನ್ನಂತೂ ಒಪ್ಪಬೇಡಿ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ಕೊಳೆಗೇರಿ ಸುಧಾರಣೆಯೂ ನಗರ ಬಡತನ ನಿವಾರಣೆಯೂ ನಗರ ಸಂಸ್ಥೆಗಳ ಕೆಲಸಗಳೆಂದು ಬರೆದಿದೆ. ನಮ್ಮ ರಾಜ್ಯದ ಪ್ರತಿ ನಗರ ಸ್ಥಳೀಯ ಸಂಸ್ಥೆಯೂ ತನ್ನ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25ನ್ನು ಇತರ ಬಡವರಿಗೆ, ಶೇ. 5ನ್ನು ಅಂಗವಿಕಲರಿಗೆ ಮೀಸಲಿಡುತ್ತದೆ. ನಾನಿದ್ದ ಕಚೇರಿಗಳಲ್ಲಿ ಮಾರ್ಚ್ ತಿಂಗಳು ಬಂದಾಗ ಈ ಶೀರ್ಷಿಕೆಗಳಡಿ ಉಳಿದಿರುತ್ತಿದ್ದ ಮೊತ್ತ ನೋಡಿ, ಹೆಸರು ಬರೆಸಿದ್ದ ಆ ಹೆಣ್ಣುಮಗಳ ಪ್ರಶ್ನೆ ನೆನಪಾಗುತ್ತಿತ್ತು.

1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ನಮ್ಮ ದಾವಣಗೆರೆಗೂ ಬಂದಿದ್ದರು. ಆ ಪ್ರವಾಸದಲ್ಲಿ ಅವರು ಊರೂರಿನ ಕೇರಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಇಂದಿನ ಗಣ್ಯರ ಕಾರ್ಯಕ್ರಮ ಪಟ್ಟಿಯಲ್ಲಿ ಹತ್ತು ನಿಮಿಷ ಒಂದು ಕೇರಿಗೆಂದು ಬರೆದಿದ್ದರೆ, ಆ ಕೇರಿಗೆ ಬೋರ್‌ವೆಲ್, ದೀಪ, ಶೌಚಾಲಯ ಒಂದೇ ವಾರದಲ್ಲಿ ಬರುತ್ತವೆ ಎಂದು ನನ್ನ ಅನುಭವದಿಂದ ಹೇಳಬಲ್ಲೆ. ದಿನಾಂಕವೂ ಹೊಣೆಯೂ ಆಗ ಬಡವರ ಕಡೆಗೆ ತಿರುಗುತ್ತವೆ.

ಇನ್ನು ಚಿಕ್ಕಮ್ಮ ಮಾಡಬಹುದಾದದ್ದು. ಅವರ ಬಳಿ ವ್ಯಾಪಾರಿಯ ಗುರುತಿನ ಚೀಟಿ ಅಥವಾ ಸ್ವನಿಧಿ ಸಾಲದ ಕಾಗದ ಇದ್ದರೆ ಅದರ ನಕಲಿನೊಡನೆ, ಇಂಥ ದಿನದಿಂದ ಇಂಥ ದಿನದವರೆಗೆ ವ್ಯಾಪಾರ ನಿಲ್ಲಿಸಿದ್ದರು, ಲಿಖಿತ ಆದೇಶ ತೋರಿಸಲಿಲ್ಲ ಎಂದು ಆ ಊರಿನ ನಗರ ಸಂಸ್ಥೆಗೂ ಪಟ್ಟಣ ವ್ಯಾಪಾರ ಸಮಿತಿಗೂ ದೂರು ಕೊಟ್ಟು ಸ್ವೀಕೃತಿ ಪಡೆಯಲಿ. ಕಾಯ್ದೆಯ 20ನೇ ಪ್ರಕರಣದಡಿ, ಹಿಂದೆ ಸಿವಿಲ್ ನ್ಯಾಯಾಧೀಶರೋ ಮ್ಯಾಜಿಸ್ಟ್ರೇಟರೋ ಆಗಿದ್ದವರ ಅಧ್ಯಕ್ಷತೆಯ ಕುಂದುಕೊರತೆ ಸಮಿತಿ ಇರಬೇಕು. ಇದ್ದರೆ ಅಲ್ಲಿಗೂ ಒಂದು ಪ್ರತಿ ಹೋಗಲಿ. ವಕೀಲರ ನೆರವು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅದು ಉಚಿತ. ದೂರನ್ನು ಒಬ್ಬರೇ ಕೊಡುವುದಕ್ಕಿಂತ ಅದೇ ಸಾಲಿನ ಐದಾರು ಗಾಡಿಯವರು ಒಟ್ಟಾಗಿ ಕೊಡುವುದು ಕ್ಷೇಮ, ಏಕೆಂದರೆ ನಾಳೆ ಅದೇ ರಸ್ತೆಯಲ್ಲಿ ಅವರು ನಿಲ್ಲಬೇಕು.

ಗುಡಾರಗಳವರ ಪರವಾಗಿ ನೀವೇ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಬಟ್ಟೆಯ ಬಿಲ್ಲಿಗೆ ಒಂದು, ಶೇ. 24.10 ಮತ್ತು ಶೇ. 7.25ರ ನಿಧಿಯ ಖರ್ಚಿಗೆ ಇನ್ನೊಂದು ಎಂದು ಬೇರೆ ಬೇರೆ ಬರೆಯಿರಿ. ಮೂರನೆಯ ಅರ್ಜಿಯಲ್ಲಿ, ಗಣ್ಯರ ಭೇಟಿಗೆ ಮುನ್ನ ಆ ದಾರಿಯ ಗುಡಾರಗಳ ಪಟ್ಟಿ ಮಾಡಿದ್ದರೆ ಅದರ ದೃಢೀಕೃತ ಪ್ರತಿ ಕೊಡಿ ಎಂದು ಕೇಳಿ. ನಾನು ಅಂದು ಬರೆದಂಥ ಪಟ್ಟಿಯೊಂದು ಅಲ್ಲಿಯೂ ಇದ್ದಿರಬಹುದು. ಸಿಕ್ಕರೆ, ಇಂಥ ದಿನ ಇಂಥ ಜಾಗದಲ್ಲಿ ಇಷ್ಟು ಕುಟುಂಬಗಳು ವಾಸವಾಗಿದ್ದವು ಎಂದು ಸರ್ಕಾರಿ ನೌಕರನೇ ಬರೆದ ದಾಖಲೆ ಅದಾಗುತ್ತದೆ, ಮತ್ತು ಮತದಾರರ ಪಟ್ಟಿಗೆ, ಪಡಿತರ ಚೀಟಿಗೆ, ನಿವೇಶನದ ಅರ್ಜಿಗೆ ಅದನ್ನು ಲಗತ್ತಿಸಬಹುದು.